ಗೋಲ್ಡನ್ ಟೆಂಪಲ್ ನೋಡಲು ಬರುವವರಿಗೆ, ಡಾಲ್ಡಾ ಮಾರುವವನ ಒಂದು ಪತ್ರ

ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಬೈಲಕುಪ್ಪೆಗೆ ಗಾಡಿ ತಿರುಗಿಸಿ, ಅಲ್ಲಿನ ಟಿಬೆಟಿಯನ್ ನಿರಾಶ್ರಿತರ ಬೌದ್ಧ ಮಠವಾದ ಗೋಲ್ಡನ್ ಟೆಂಪಲ್ ನೋಡಿ ಮುಂದೆ ಹೋಗುವ ಎಲ್ಲರಿಗೂ ನಮಸ್ಕಾರ. ನಿಮ್ಮನ್ನು ಕರೆದುಕೊಂಡು ಬರುವ ಟಿಟಿ, ಬಸ್ಸಿನ ಡ್ರೈವರ್‌ಗಳಿಗೂ, ಮಕ್ಕಳನ್ನು ಟೂರ್ ಕರೆತರುವ ಮೇಷ್ಟ್ರುಗಳಿಗೂ, ಪ್ರವಾಸೋದ್ಯಮ ಇಲಾಖೆಯವರಿಗೂ ಇದೇ ಪತ್ರ. ಬೇರೆ ಬೇರೆ ಬರೆಯುವಷ್ಟು ಪುರುಸೊತ್ತಿಲ್ಲ.

ನಾನು ಇಲ್ಲೇ ಕ್ಯಾಂಪಿನ ಹತ್ತಿರ ದಿನಸಿ ಅಂಗಡಿ ಇಟ್ಟುಕೊಂಡಿರುವವನು. ಟಿಬೆಟಿಯನ್ನರು ಇರುವ ಊರುಗಳಿಗೆ ನಾವು ಮೊದಲಿನಿಂದಲೂ ಕ್ಯಾಂಪ್ ಅಂತಲೇ ಹೇಳುವುದು. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು, ಹೀಗೆ. ಮನೆ, ಹೊಲ, ಶಾಲೆ, ಆಸ್ಪತ್ರೆ ಎಲ್ಲ ಎದ್ದು ಅರವತ್ತು ವರ್ಷ ದಾಟಿದರೂ ಹೆಸರು ಮಾತ್ರ ಡೇರೆ ಹಾಕಿಕೊಂಡಿದ್ದ ಕಾಲದ್ದೇ ಉಳಿದಿದೆ. ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಇದು ಕೊಡಗಲ್ಲ. ಕಾವೇರಿ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ನಾವಿರುವುದು ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. 'ಕೂರ್ಗ್ ಗೋಲ್ಡನ್ ಟೆಂಪಲ್' ಅಂತ ಫೋಟೊ ಹಾಕುವವರನ್ನು ತಿದ್ದಿ ತಿದ್ದಿ ಸಾಕಾಗಿದೆ.

ನನ್ನ ವ್ಯಾಪಾರದಲ್ಲಿ ಅಕ್ಕಿ, ಬೇಳೆ, ಸೋಪು ಎಲ್ಲ ಇದೆ. ಆದರೆ ಜಾಸ್ತಿ ಹೋಗುವುದು ಡಾಲ್ಡಾ. ಅಡುಗೆಗಲ್ಲ, ದೀಪಕ್ಕೆ. ಟಿಬೆಟ್‌ನಲ್ಲಿ ಇದಕ್ಕೆ ಬೆಣ್ಣೆ ಹಾಕುತ್ತಿದ್ದರಂತೆ. ಇಲ್ಲಿ ಅಷ್ಟೊಂದು ಬೆಣ್ಣೆ ಎಲ್ಲಿಂದ ತರುವುದು? ಹಾಗಾಗಿ ವನಸ್ಪತಿ ಬಂತು. ದಿನಾ ಒಂದೊಂದು ಪ್ಯಾಕೆಟ್ ಒಯ್ಯುವವರು ಇದ್ದಾರೆ, ಅದು ಮನೆಯ ದೇವರ ಮುಂದಿನ ದೀಪಕ್ಕೆ. ಆದರೆ ಯಾರಾದರೂ ಬಂದು ಒಂದೇ ಸಲ ಪೂರ್ತಿ ಬಾಕ್ಸ್ ಕೇಳಿದರೆ ನಾನು ದುಡ್ಡು ಎಣಿಸುವ ಮೊದಲು ಅವರ ಮುಖ ನೋಡುತ್ತೇನೆ. ಎಷ್ಟೋ ಸಲ ಅದು ಮನೆಯಲ್ಲಿ ಯಾರೋ ಹೋಗಿದ್ದಾರೆ ಅಂತ. ಯಾರು ಅಂತ ಕೇಳುತ್ತೇನೆ. 'ಅಮಲಾ' ಅನ್ನುತ್ತಾರೆ, ಅಂದರೆ ಅಮ್ಮ. 'ಪಾಲಾ' ಅಂದರೆ ಅಪ್ಪ. ಅಷ್ಟೇ ಮಾತು. ಬಾಕ್ಸನ್ನು ಸ್ಕೂಟರಿನ ಮುಂದೆ ಇಟ್ಟುಕೊಡುತ್ತೇನೆ.

ಆ ಡಾಲ್ಡಾ ಎಲ್ಲಿ ಹೋಗುತ್ತದೆ ಅಂತ ನಿಮಗೆ ಗೊತ್ತಾಗಬೇಕು ಅನ್ನುವುದಕ್ಕೇ ಈ ಪತ್ರ.

ಮೊದಲು ಬತ್ತಿ ಮಾಡುತ್ತಾರೆ. ಸಣ್ಣ ಕಡ್ಡಿಗೆ ಹತ್ತಿ ಸುತ್ತಿ, ಅಂಗೈಯಲ್ಲಿ ಹೊಸೆದು, ಬಟ್ಟಲಿನ ನಡುವೆ ನೆಟ್ಟಗೆ ನಿಲ್ಲಿಸುತ್ತಾರೆ. ಬಟ್ಟಲು ಹಿತ್ತಾಳೆಯದು. ಕೆಳಗೆ ಕಾಲಿದೆ, ಮೇಲೆ ಅಗಲ. ಡಾಲ್ಡಾ ಕರಗಿಸಿ ಸುರಿದು ಹೆಪ್ಪುಗಟ್ಟಲು ಬಿಡುತ್ತಾರೆ. ಬೇಸಿಗೆಯಲ್ಲಿ ಇದು ಬೇಗ ಗಟ್ಟಿಯಾಗುವುದಿಲ್ಲ, ಬತ್ತಿ ವಾಲಿಬಿಡುತ್ತದೆ. ಅದಕ್ಕೇ ವಯಸ್ಸಾದವರು ಬೆಳಗಿನ ಜಾವದಲ್ಲೇ ಕೂತು ಈ ಕೆಲಸ ಮುಗಿಸುತ್ತಾರೆ. ನೂರಾರು ದೀಪ ಹಚ್ಚಿದರೆ ಮಸಿ ಹಿಡಿಯುತ್ತದೆ, ಬೆಂಕಿಯ ಭಯವೂ ಇದೆ. ಅದಕ್ಕಾಗಿ ಮಠಗಳಲ್ಲಿ ಇದಕ್ಕೆ ಬೇರೆಯೇ ಕೋಣೆ ಮಾಡಿರುತ್ತಾರೆ. ಗಾಜು ಹಾಕಿದ ಸಣ್ಣ ಮನೆ. ಒಳಗೆ ಸಾಲು ಸಾಲು ದೀಪ. ನಿಮಗೆ ಅದು ಚೆಂದ ಕಾಣುತ್ತದೆ. ನಿಜಕ್ಕೂ ಚೆಂದವೇ. ಮುಖದ ಮೇಲೆ ಹೊಂಬಣ್ಣದ ಬೆಳಕು ಬೀಳುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಅದಕ್ಕೇ ನೀವು ಒಳಗೆ ನುಗ್ಗುತ್ತೀರಿ.

ಆ ಸಾಲುಗಳಲ್ಲಿ ಹೆಚ್ಚಿನವು ತೀರಿಹೋದ ಯಾರೋ ಒಬ್ಬರ ಹೆಸರಿನಲ್ಲಿ ಹಚ್ಚಿದವು.

ಟಿಬೆಟಿಯನ್ನರಲ್ಲಿ ಒಬ್ಬರು ತೀರಿಕೊಂಡರೆ 49 ದಿನ ಬಹಳ ಮುಖ್ಯ. ಸತ್ತವರಿಗೆ ಇನ್ನೊಂದು ಹುಟ್ಟು ಸಿಗುವುದರೊಳಗೆ ನಡುವೆ ಒಂದು ಸ್ಥಿತಿ ಇದೆ, ಅದಕ್ಕೆ ಬಾರ್ದೋ ಅನ್ನುತ್ತಾರೆ. ಅದು ಹೆಚ್ಚೆಂದರೆ 49 ದಿನ. ಪ್ರತಿ ಏಳನೇ ದಿನಕ್ಕೊಮ್ಮೆ ಪೂಜೆ. ಭಿಕ್ಷುಗಳು ಮನೆಗೆ ಬಂದು ಓದುತ್ತಾರೆ. ಅವರು ಓದುವುದರಲ್ಲಿ ಸತ್ತವರಿಗೇ ನೇರವಾಗಿ ಹೇಳುವ ಮಾತುಗಳೂ ಇವೆ: ನೀನು ಈಗ ತೀರಿಹೋಗಿದ್ದೀಯ, ಹೆದರಬೇಡ, ಕಾಣುತ್ತಿರುವುದೆಲ್ಲ ನಿನ್ನ ಮನಸ್ಸಿನದೇ, ಈ ಬೆಳಕಿನ ಕಡೆ ಹೋಗು, ಅನ್ನುವ ಅರ್ಥದ್ದು. ದೀಪವೂ ಅದಕ್ಕೇ. ದಾರಿ ಕಾಣದೆ ಅಲೆಯುವವರಿಗೆ ಕತ್ತಲು ಕಳೆಯಲಿ ಅಂತ. ಮಕ್ಕಳು ಮಾಡಿದ ಪುಣ್ಯ ತಾಯಿಗೆ ಸಲ್ಲುತ್ತದೆ ಅಂತ ನಂಬಿಕೆ. ಅನುಕೂಲ ಇದ್ದವರು ಮಠದ ಭಿಕ್ಷುಗಳಿಗೆಲ್ಲ ಚಹಾ ಕೊಡಿಸುತ್ತಾರೆ. ಇಲ್ಲೇ ಬೈಲಕುಪ್ಪೆಯಲ್ಲಿರುವ ದೊಡ್ಡ ಸೆರಾ ಮಠದಂಥ ಕಡೆ ಸಾವಿರಾರು ಜನ ಸಾಲಾಗಿ ಕೂತಿರುತ್ತಾರೆ, ದೊಡ್ಡ ದೊಡ್ಡ ಕೆಟಲ್ ಹಿಡಿದು ಹುಡುಗ ಭಿಕ್ಷುಗಳು ಓಡಾಡಿ ಬಡಿಸುತ್ತಾರೆ. ಆಗ ಒಂದು ಚೀಟಿ ಓದುತ್ತಾರೆ. ಅದರಲ್ಲಿ ತೀರಿಕೊಂಡವರ ಹೆಸರಿರುತ್ತದೆ. ಬೈಲಕುಪ್ಪೆಯಲ್ಲಿ ಜೋಳ ಬೆಳೆದು, ಚಳಿಗಾಲಕ್ಕೆ ಊರೂರಿಗೆ ಹೋಗಿ ಸ್ವೆಟರ್ ಮಾರಿ ಬದುಕಿದ ಹೆಂಗಸಿನ ಹೆಸರನ್ನು ಸಾವಿರಾರು ಜನರ ಮುಂದೆ ಗಟ್ಟಿಯಾಗಿ ಓದುವುದು ಆವತ್ತು ಮಾತ್ರ ಇರಬಹುದು.

ನಮಗೂ ಇದು ಹೊಸದೇನಲ್ಲ ಅಲ್ವಾ? ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ಹಿರಿಯರಿಗೆ ಅಂತ ಹೊಸ ಬಟ್ಟೆ ಇಡುತ್ತೇವೆ. ಅಪ್ಪನಿಗೆ ಇಷ್ಟ ಅಂತ ಎಡೆಯಲ್ಲಿ ಬೀಡಿ ಕಟ್ಟನ್ನೂ ಇಡುವ ಮನೆಗಳು ನಮ್ಮಲ್ಲಿವೆ. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗುತ್ತೇವೆ. ಅಲ್ಲಿ ನೀವು ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಪಿಂಡ ಇಡುತ್ತಾ ಕೂತಿದ್ದೀರಿ ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಗುಂಪು ಬಂದು, ನಿಮ್ಮ ತಲೆಯನ್ನೂ ಸೇರಿಸಿ ಸೆಲ್ಫಿ ತೆಗೆದು, 'ಸೂಪರ್ ವೈಬ್ಸ್' ಅಂತ ಹೇಳಿ ಹೋದರೆ ಹೇಗಿರುತ್ತದೆ? ಇಲ್ಲಿ ಪ್ರತಿ ಶನಿವಾರ, ಭಾನುವಾರ ನಡೆಯುವುದು ಅದೇ.

ನಾನು ಕಂಡದ್ದು ಒಂದು ಹೇಳುತ್ತೇನೆ. ನನ್ನ ಅಂಗಡಿಗೆ ಬರುವ ಒಬ್ಬ ಹೆಂಗಸು ತೀರಿಕೊಂಡ ಗಂಡನ ಹೆಸರಿನಲ್ಲಿ ದೀಪ ಹಚ್ಚಿಸುತ್ತಿದ್ದರು. ಮಗ ಕೆನಡಾದಲ್ಲಿ. ಈಗ ಕ್ಯಾಂಪಿನ ಬಹಳಷ್ಟು ಮನೆಗಳ ಕಥೆ ಇದೇ, ಹುಡುಗರೆಲ್ಲ ಅಮೆರಿಕ, ಕೆನಡಾ, ಯುರೋಪ್ ಅಂತ ಹೋಗಿಬಿಟ್ಟಿದ್ದಾರೆ, ವಯಸ್ಸಾದವರು ಇಲ್ಲಿ. ಮಗನಿಗೆ ಬರಲು ಆಗಿರಲಿಲ್ಲ. ಆಕೆ ಒಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಕಾಲ್‌ನಲ್ಲಿ ಅವನಿಗೆ ದೀಪ ತೋರಿಸುತ್ತಿದ್ದರು. ಇನ್ನೊಂದು ಕೈಯಲ್ಲಿ ಒಂದೊಂದೇ ಬತ್ತಿ ಹೊತ್ತಿಸುತ್ತಿದ್ದರು. ಫೋನಿನ ಒಳಗಿಂದ ಮಗ ಮಂತ್ರ ಹೇಳುವುದು ಕೇಳುತ್ತಿತ್ತು. ಅಷ್ಟರಲ್ಲಿ ನಾಲ್ಕು ಜನ ಹುಡುಗ ಹುಡುಗಿಯರು ಬಂದರು. ಒಬ್ಬಳು ದೀಪದ ಸಾಲಿನ ಮುಂದೆ ನಿಂತಳು. ಇನ್ನೊಬ್ಬ ಆ ಹೆಂಗಸಿಗೆ, 'ಆಂಟಿ, ಸ್ವಲ್ಪ ಸೈಡಿಗೆ ಬನ್ನಿ' ಅಂದ. ಆಕೆ ಸರಿದರು. ಫೋನೂ ಸರಿಯಿತು. ಕೆನಡಾದ ಹುಡುಗನಿಗೆ ಅಪ್ಪನ ದೀಪದ ಬದಲು ಗೋಡೆ ಕಂಡಿರಬೇಕು. ಒಂದು ರೀಲ್‌ಗೆ ಎಷ್ಟು ಸಲ ತಿರುಗಿ ತಿರುಗಿ ನಿಲ್ಲುತ್ತಾರೆ ಅಂತ ನಿಮಗೇ ಗೊತ್ತು. ಅಷ್ಟೂ ಹೊತ್ತು ಆಕೆ ಬೆಂಕಿಕಡ್ಡಿ ಹಿಡಿದು ಸುಮ್ನೆ ನಿಂತಿದ್ದರು.

ಆ ಮಕ್ಕಳು ಕೆಟ್ಟವರೇನಲ್ಲ. ಹೋಗುವಾಗ ಆಕೆಗೆ ಥ್ಯಾಂಕ್ಸ್ ಹೇಳಿಯೇ ಹೋದರು. ಅಲ್ಲಿ ಏನು ನಡೆಯುತ್ತಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನನಗೆ ಸಿಟ್ಟು ಬಂದದ್ದು, ಹೇಳಬೇಕಾದವರು ಹೇಳದೆ ಇರುವುದಕ್ಕೆ. ಪ್ರವಾಸಿಗಳಿಗೆ ಹಂಚುವ ಕಾಗದಗಳಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ಮೂರು ಮೂರ್ತಿಗಳ ಎತ್ತರ ಇರುತ್ತದೆ: ನಡುವಿನ ಬುದ್ಧ 60 ಅಡಿ, ಪಕ್ಕದ ಪದ್ಮಸಂಭವ ಮತ್ತು ಅಮಿತಾಯುಸ್ 58 ಅಡಿ. ಮೊಮೊ ಎಲ್ಲಿ ಚೆನ್ನಾಗಿರುತ್ತದೆ ಅಂತ ಇರುತ್ತದೆ. ದೀಪದ ಮನೆ ಯಾಕಿದೆ ಅಂತ ನಾನಂತೂ ಎಲ್ಲೂ ಕಂಡಿಲ್ಲ.

ಮೂರ್ತಿಯ ವಿಷಯ ಬಂದಾಗ ಇನ್ನೊಂದು ಮಾತು. ಅವು ತಾಮ್ರದವು, ಮೇಲೆ ಚಿನ್ನದ ಲೇಪ, ಇದು ಎಲ್ಲರಿಗೂ ಗೊತ್ತು. ಒಳಗೆ ಏನಿದೆ ಗೊತ್ತಾ? ಧರ್ಮಗ್ರಂಥಗಳು, ಹಿಂದಿನ ದೊಡ್ಡ ಗುರುಗಳ ಅವಶೇಷಗಳು, ಮತ್ತು ಮಣ್ಣಿನ ಸಣ್ಣ ಸಣ್ಣ ಸ್ತೂಪಗಳು. ಈ ಮಣ್ಣಿನ ಸ್ತೂಪಕ್ಕೆ ತ್ಸಾತ್ಸಾ ಅನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಇದನ್ನು ಮನೆಯವರೂ ಮಾಡಿಸುತ್ತಾರೆ. ಟಿಬೆಟ್‌ನಲ್ಲಿ ಹೆಣವನ್ನು ಬೆಟ್ಟದ ಮೇಲೆ ರಣಹದ್ದುಗಳಿಗೆ ಬಿಡುವ ಪದ್ಧತಿ ಇದೆ. ಇಲ್ಲಿ ಸುಡುತ್ತಾರೆ. ಎಂದು ಸುಡಬೇಕು ಅಂತ ಜ್ಯೋತಿಷ್ಯ ನೋಡಿ ದಿನ ಗೊತ್ತು ಮಾಡುತ್ತಾರೆ. ಆಮೇಲೆ ಮೂಳೆಯ ಬೂದಿಯನ್ನು ಮಣ್ಣಿನಲ್ಲಿ ಕಲಸಿ ತ್ಸಾತ್ಸಾ ಒತ್ತಿಸುವವರಿದ್ದಾರೆ. ಅದನ್ನು ಸ್ತೂಪದ ಬುಡದಲ್ಲೋ, ಮರದ ಕೆಳಗೋ, ಬಂಡೆಯ ಸಂದಿಯಲ್ಲೋ, ಯಾರೂ ತುಳಿಯದ ಶುದ್ಧವಾದ ಜಾಗದಲ್ಲಿ ಇಡುತ್ತಾರೆ. ಮಳೆಗೆ ಕರಗಿದರೆ ಕರಗಲಿ, ಮಣ್ಣು ಮಣ್ಣಿಗೆ.

ಈಗ ಹೇಳಿ, ಸ್ತೂಪದ ಮೂಲೆಯಲ್ಲಿ ಚಿಕ್ಕ ಚಿಕ್ಕ ಗೋಪುರದ ಹಾಗೆ ಜೋಡಿಸಿಟ್ಟದ್ದು ಕಂಡರೆ ಮಕ್ಕಳು ಏನು ಮಾಡುತ್ತಾರೆ? ಒಂದು ಮಗು ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅಪ್ಪ ನಗುತ್ತಾ, 'ಇರಲಿ ಬಿಡು, ಶೋಕೇಸಲ್ಲಿ ಇಡೋಣ' ಅಂದರು. ಅದರಲ್ಲಿ ಬೂದಿ ಇತ್ತೋ ಇಲ್ಲವೋ, ಎಲ್ಲದರಲ್ಲೂ ಇರುವುದಿಲ್ಲ. ನಾನು ಹತ್ತಿರ ಹೋಗಿ, ಅದು ಏನು ಅಂತ ಮೆಲ್ಲಗೆ ಹೇಳಿದೆ. ಆ ಮನುಷ್ಯ ಮಗುವಿನ ಜೇಬಿನಿಂದ ತೆಗೆದು, ಇದ್ದ ಜಾಗದಲ್ಲೇ ಇಟ್ಟು, ಎರಡೂ ಕೈ ಕಣ್ಣಿಗೆ ಒತ್ತಿಕೊಂಡರು. ಹೇಳಿದರೆ ನಮ್ಮ ಜನಕ್ಕೆ ತಿಳಿಯುತ್ತದೆ. ಆದರೆ ನಾನು ಅಂಗಡಿ ಬಿಟ್ಟು ದಿನವಿಡೀ ಸ್ತೂಪ ಕಾಯಲು ಆಗುತ್ತದಾ?

ಈ ಟಿಬೆಟಿಯನ್ನರಿಗೆ ಸತ್ತವರ ಮೇಲೆ ಯಾಕಿಷ್ಟು ಅಕ್ಕರೆ ಅಂತ ಕೇಳುವವರಿದ್ದಾರೆ. ಕೇಳಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಜಾಗ ಕೊಟ್ಟಿತು. ನಿಜಲಿಂಗಪ್ಪನವರ ಹೆಸರನ್ನು ಇಲ್ಲಿನ ಹಿರಿಯರು ಇವತ್ತಿಗೂ ಕೈಮುಗಿದು ಹೇಳುತ್ತಾರೆ. ಆದರೆ ಆ ಮೊದಲ ವರ್ಷಗಳು ಘೋರ. ಹಿಮದಲ್ಲಿ ಬೆಳೆದವರು ನಮ್ಮ ಸೆಖೆಗೆ, ಜ್ವರಕ್ಕೆ ಬಿದ್ದರು. ಡೇರೆ, ಬಿದಿರಿನ ಗುಡಿಸಲು. ಕಾಡು ಕಡಿದು ಸುಡುವ ಕೆಲಸ, ರಾತ್ರಿ ಆನೆ. ನಮ್ಮಪ್ಪ ಹೇಳುತ್ತಿದ್ದರು, ಆಗ ಹೆಣ ಸುಡುವ ಹೊಗೆ ಯಾವುದು, ಕಾಡು ಸುಡುವ ಹೊಗೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ ಅಂತ.

ನೀವು ಗೋಲ್ಡನ್ ಟೆಂಪಲ್ ಅನ್ನುವ ಜಾಗದ ನಿಜವಾದ ಹೆಸರು ನಮ್‌ಡ್ರೋಲಿಂಗ್ ಮಠ. ಅದನ್ನು 1963ರಲ್ಲಿ ಶುರು ಮಾಡಿದವರು ಟಿಬೆಟ್‌ನ ದೊಡ್ಡ ಗುರು ಪೆನೋರ್ ರಿನ್‌ಪೋಚೆ. ಟಿಬೆಟ್‌ನಿಂದ ಅವರ ಜೊತೆ ಹೊರಟವರು ಸುಮಾರು 300 ಜನ. ಭಾರತದ ಗಡಿ ಮುಟ್ಟಿದವರು ಸುಮಾರು 30. ಇದನ್ನು ಮಠದವರೇ ಬರೆದಿಟ್ಟಿದ್ದಾರೆ. ದಾರಿಯುದ್ದಕ್ಕೂ ಉಳಿದುಹೋದ ಅಷ್ಟು ಜನರಿಗೆ ಏಳನೇ ದಿನ ಯಾರು ಮಾಡಿದರು, 49ನೇ ದಿನ ಯಾರು ಮಾಡಿದರು? ಕೈಯಲ್ಲಿ 300 ರೂಪಾಯಿ ಇಟ್ಟುಕೊಂಡು, ಬಿದಿರಿನ ಒಂದು ಸಣ್ಣ ಗುಡಿಯಿಂದ ರಿನ್‌ಪೋಚೆ ಈ ಮಠ ಶುರು ಮಾಡಿದರು ಅನ್ನುತ್ತಾರೆ. ನೀವು ನೋಡುವ ಚಿನ್ನದ ಬಣ್ಣದ ದೊಡ್ಡ ಮಂದಿರ ತೆರೆದದ್ದು 1999ರಲ್ಲಿ. ಹತ್ತು ವರ್ಷಕ್ಕೆ, 2009ರಲ್ಲಿ, ರಿನ್‌ಪೋಚೆ ತೀರಿಕೊಂಡರು. ಅವರ ದೊಡ್ಡ ಫೋಟೊ ಕಾಣುತ್ತದೆ. 'ಇವರು ಯಾರು, ಇಲ್ಲಿನ ಸ್ವಾಮೀಜಿಯಾ?' ಅಂತ ಕೇಳಿ ಮುಂದೆ ಹೋಗುತ್ತೀರಿ. ಈಗ ಗೊತ್ತಾಯಿತಲ್ಲ.

ಮೊದಲ ತಲೆಮಾರಿನವರು ಈಗ ಬೇಗ ಬೇಗ ಖಾಲಿಯಾಗುತ್ತಿದ್ದಾರೆ. ವಾಪಸ್ ಹೋಗುತ್ತೇವೆ ಅಂತ ಕಾಯುತ್ತಲೇ ಇಲ್ಲೇ ಮುಗಿದುಹೋದರು. ಬೆಳಿಗ್ಗೆ ಬಂದರೆ ಕೈಯಲ್ಲಿ ಮಣಿಚಕ್ರ ತಿರುಗಿಸುತ್ತಾ, 108 ಮಣಿಯ ಜಪಮಾಲೆ ಎಣಿಸುತ್ತಾ ಮಠದ ಸುತ್ತ ಪ್ರದಕ್ಷಿಣೆ ಹಾಕುವ ಅಜ್ಜಿಯರು ಸಿಗುತ್ತಾರೆ. ಅವರ ಮುಖದ ಸುಕ್ಕು ಬಹಳ ಫೋಟೋಜೆನಿಕ್ ಅಂತ ಬೆಂಗಳೂರಿನಿಂದ ಕ್ಯಾಮೆರಾ ಹೊತ್ತುಕೊಂಡು ಬರುವ ಗುಂಪುಗಳೇ ಇವೆ. ಉದ್ದದ ಲೆನ್ಸ್ ಹಾಕಿಕೊಂಡು ದೂರದಿಂದ ಹೊಡೆದರೆ ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಿ. ಗೊತ್ತಾಗುತ್ತದೆ. ಆ ಅಜ್ಜಿಯರು ನನ್ನ ಅಂಗಡಿಗೂ ಬರುತ್ತಾರೆ, ನಿಮ್ಮನ್ನು ಅನುಕರಣೆ ಮಾಡಿ ತೋರಿಸಿ ನಗುತ್ತಾರೆ.

'ಹಾಗಿದ್ದರೆ ಮಠದವರೇ ಬಾಗಿಲು ಹಾಕಬಹುದಲ್ಲ, ಯಾಕೆ ಬಿಡುತ್ತಾರೆ?' ಅನ್ನುವ ಮಾತು ಬಂದೇ ಬರುತ್ತದೆ. ನಾನೂ ಒಬ್ಬ ಭಿಕ್ಷುವನ್ನು ಕೇಳಿದ್ದೆ. ಯಾರು ಯಾವ ಕಾರಣಕ್ಕೆ ಬಂದರೂ ಬುದ್ಧನನ್ನು ನೋಡಿದರೆ ಒಂದು ಸಣ್ಣ ಬೀಜ ಬೀಳುತ್ತದೆ, ಬರಲಿ ಬಿಡಿ, ಅಂದರು. ಅವರ ದೊಡ್ಡತನ ಅದು. ಅಲ್ಲದೆ ಅವರೂ ಈ ಕಾಲದವರೇ, ಹುಡುಗ ಭಿಕ್ಷುಗಳ ಕೈಯಲ್ಲಿ ನಿಮ್ಮದಕ್ಕಿಂತ ಒಳ್ಳೆಯ ಫೋನ್ ಇದೆ, ಫುಟ್‌ಬಾಲ್ ಮ್ಯಾಚ್ ಇದ್ದರಂತೂ ಕೇಳಲೇಬೇಡಿ. ಹೊರಗಿನ ಹುಲ್ಲುಹಾಸಿನಲ್ಲಿ, ದೊಡ್ಡ ಬಾಗಿಲಿನ ಮುಂದೆ ಎಷ್ಟು ಬೇಕಾದರೂ ಫೋಟೊ ತೆಗೆದುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ನೀವು ಬರಬೇಡಿ ಅಂತ ನಾನು ಯಾಕೆ ಹೇಳಲಿ? ನಿಮ್ಮಿಂದ ನನ್ನ ನೀರಿನ ಬಾಟಲಿ, ಚಿಪ್ಸು ಖರ್ಚಾಗುತ್ತದೆ.

ದೀಪದ ಮನೆಯೊಳಗೆ ಮಾತ್ರ ಬೇಡ ಅನ್ನುತ್ತೇನೆ. ಅಲ್ಲಿ ಯಾರಾದರೂ ಬತ್ತಿ ಹೊತ್ತಿಸುತ್ತಿದ್ದರೆ ಹೊರಗೇ ನಿಲ್ಲಿ, ಗಾಜಿನಿಂದ ಎಲ್ಲ ಕಾಣುತ್ತದೆ. ಯಾರಾದರೂ ಉದ್ದಂಡ ನಮಸ್ಕಾರ ಹಾಕುತ್ತಿದ್ದರೆ ಅವರ ಮುಂದೆ ಹಾಯಬೇಡಿ. ಸ್ತೂಪದ ಬುಡದಲ್ಲಿ ಇಟ್ಟ ಮಣ್ಣಿನ ವಸ್ತು, ಬಿಳಿ ಶಲ್ಯ, ಗಾಳಿಗೆ ಕಟ್ಟಿದ ಐದು ಬಣ್ಣದ ಬಾವುಟ, ಯಾವುದನ್ನೂ ಮುಟ್ಟಬೇಡಿ. ಬುಲೆಟ್ ಹ್ಯಾಂಡಲಿಗೆ ಕಟ್ಟಲು ಬಾವುಟ ಬೇಕಾದರೆ ಎದುರಿನ ಅಂಗಡಿಗಳಲ್ಲಿ ರಾಶಿ ಇದೆ, ಕೊಂಡುಕೊಳ್ಳಿ. ಯಾರೋ ತೀರಿಹೋದ ಅಣ್ಣನಿಗೆ ಅಂತ ಕಟ್ಟಿದ್ದನ್ನು ಬಿಚ್ಚಿಕೊಂಡು ಹೋಗಬೇಡಿ.

ಮೇಷ್ಟ್ರುಗಳೇ, ಮಕ್ಕಳನ್ನು ಬಸ್ಸಿನಿಂದ ಇಳಿಸುವ ಮೊದಲು ಐದು ನಿಮಿಷ ಇಷ್ಟು ಹೇಳಿ. ಶಿಳ್ಳೆ ಊದಿ ಸಾಲು ನಿಲ್ಲಿಸುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಅಜ್ಜಿ ತಾತನಿಗೆ ಎಡೆ ಇಟ್ಟದ್ದನ್ನು ನೋಡಿದ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಪ್ರವಾಸೋದ್ಯಮ ಇಲಾಖೆಯವರೇ, 'ನಿಶ್ಶಬ್ದ' ಅಂತ ಬೋರ್ಡು ಹಾಕಿದರೆ ನಮ್ಮ ಜನ ಓದುವುದಿಲ್ಲ, ಆಸ್ಪತ್ರೆಯಲ್ಲೇ ಓದಲ್ಲ. ಮಠದ ಹಿರಿಯರ ಜೊತೆ ಕೂತು, ಕನ್ನಡದಲ್ಲಿ ನಾಲ್ಕು ಸಾಲಿನ ಒಂದು ಬೋರ್ಡು ಬರೆಸಿ. 'ಇಲ್ಲಿ ಉರಿಯುವ ದೀಪಗಳು ತೀರಿಕೊಂಡವರ ಹೆಸರಿನಲ್ಲಿ ಅವರ ಮನೆಯವರು ಹಚ್ಚಿದ್ದು' ಅಂತ ಒಂದೇ ಸಾಲು ಇದ್ದರೂ ಸಾಕು. ದೊಡ್ಡ ಅಕ್ಷರದಲ್ಲಿ, ಕಣ್ಣಿಗೆ ಬೀಳುವ ಹಾಗೆ. ತಮಿಳು, ಮಲಯಾಳ, ಹಿಂದಿಯಲ್ಲೂ ಇರಲಿ, ಕೇರಳದಿಂದ ಬರುವವರೇನು ಕಡಿಮೆಯೇ? ಬೋರ್ಡಿಗೆ ದುಡ್ಡಿಲ್ಲ ಅಂದರೆ ಇಲ್ಲಿನ ಅಂಗಡಿಯವರೆಲ್ಲ ಸೇರಿ ಹಾಕಿಕೊಡುತ್ತೇವೆ, ಅನುಮತಿ ಕೊಡಿಸಿ.

ಇನ್ನು ನಿಮ್ಮಲ್ಲಿ ಕೆಲವರಿಗೆ ಮಾತ್ರ ಹೇಳುವ ಮಾತು ಇದು. ನಿಮ್ಮ ಮನೆಯಲ್ಲೂ ಯಾರಾದರೂ ತೀರಿಕೊಂಡಿರಬಹುದು. ಅವರ ಹೆಸರಿನಲ್ಲಿ ನೀವೂ ಒಂದು ದೀಪ ಹಚ್ಚಿಸಬಹುದು. ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ಮಠದಲ್ಲಿ ಇರುವ ಭಿಕ್ಷುವನ್ನು ಕೇಳಿ, ಕನ್ನಡ ಬರುವವರು ಬೇಕಾದಷ್ಟು ಜನ ಇದ್ದಾರೆ. ಹೆಸರು ಹೇಳಿ, ನಿಮ್ಮ ಕೈಲಾದಷ್ಟು ಕೊಡಿ. ನಮ್ಮೂರಿನ ಕೆಲವರು ಹೀಗೆ ಮಾಡುತ್ತಾರೆ. ನನ್ನ ಹೆಂಡತಿ ಅವಳ ತಮ್ಮ ಅಪಘಾತದಲ್ಲಿ ಹೋದಾಗ ತಿಥಿಯನ್ನೂ ಮಾಡಿಸಿದಳು, ಇಲ್ಲಿ ದೀಪವನ್ನೂ ಹಚ್ಚಿಸಿದಳು. ಪುರೋಹಿತರಿಗೆ ಹೇಳಿದಾಗ ಅವರು, 'ಒಳ್ಳೇದಾಯ್ತಮ್ಮ' ಅಂದರು.

ಕೊನೆಗೆ ಡ್ರೈವರ್ ಅಣ್ಣಂದಿರೇ, ನಿಮಗೆ. 'ಗೋಲ್ಡನ್ ಟೆಂಪಲ್ ಅರ್ಧ ಗಂಟೆ, ಆಮೇಲೆ ದುಬಾರೆ, ಸಂಜೆ ರಾಜಾಸೀಟ್' ಅಂತ ಅವಸರ ಮಾಡುತ್ತೀರಿ. ಅರ್ಧ ಗಂಟೆಯಲ್ಲಿ ಜನ ಓಡುತ್ತಾರೆ, ಕಿರುಚುತ್ತಾರೆ, ಫೋಟೊ ಬಿಟ್ಟರೆ ಬೇರೇನೂ ಮಾಡಲು ಆಗುವುದಿಲ್ಲ. ಒಂದು ಗಂಟೆ ಕೊಡಿ. ಅಷ್ಟು ಹೊತ್ತು ನಿಮಗೆ ನನ್ನ ಅಂಗಡಿ ಮುಂದೆ ಕೂರಲು ಬೆಂಚಿದೆ, ಚಹಾ ಪಕ್ಕದಲ್ಲೇ ಸಿಗುತ್ತದೆ.

ಇಂತಿ,
ಬೈಲಕುಪ್ಪೆಯ ಒಬ್ಬ ದಿನಸಿ ಅಂಗಡಿಯವನು